ಅರ್ಧ ದಿನದ ಕೂಲಿ



ನಮ್ಮ ಅಬಲೂರಿಗೆ ಬಂದ ಪರಸ್ಥಳದವರು ಸೋಮೇಶ್ವರ ದೇವಾಲಯವನ್ನು ನೋಡದೆ ಹೋಗುವುದಿಲ್ಲ. ಏಕಾಂತದ ರಾಮಯ್ಯನ ಕಥೆ ಹೇಳುವ ಶಾಸನ ಅಲ್ಲಿದೆ. ತನ್ನ ನಂಬಿಕೆಯ ಸಲುವಾಗಿ ಆತ ತನ್ನ ತಲೆಯನ್ನು ತಾನೇ ಅರಿದು ಶಿವನಿಗೆ ಒಪ್ಪಿಸಿದನೆಂದೂ, ಏಳು ದಿನದ ಮೇಲೆ ಆ ತಲೆ ಮತ್ತೆ ಕೂಡಿಕೊಂಡಿತೆಂದೂ ನಾವೆಲ್ಲ ಚಿಕ್ಕಂದಿನಿಂದ ಕೇಳುತ್ತ ಬಂದವರು. ಶರಣರ ಪವಾಡ ಶರಣರಿಗೆ ಸರಿ. ನಮ್ಮ ಅಡಿಕೆ ತೋಟದಲ್ಲಿ ಮರದಿಂದ ಬಿದ್ದವನ ಬೆನ್ನುಮೂಳೆ ಏಳು ದಿನಕ್ಕೂ ಕೂಡುವುದಿಲ್ಲ, ಏಳು ವರ್ಷಕ್ಕೂ ಮೊದಲಿನಂತಾಗುವುದಿಲ್ಲ. ಈ ಮಾತನ್ನು ನಾವು ಪುಸ್ತಕ ಓದಿ ಕಲಿತದ್ದಲ್ಲ.

ಸಂಘದ ಲೆಕ್ಕಪರಿಶೋಧನೆಗೆ ಕಾಗದಪತ್ರ ಜೋಡಿಸುತ್ತಿದ್ದಾಗ ನಮ್ಮ ಸ್ವಂತ ತೋಟದ ಹಳೆಯ ಕೂಲಿ ಪುಸ್ತಕವೊಂದು ಕೈಗೆ ಸಿಕ್ಕಿತು. 2016ರ ಅಕ್ಟೋಬರ್ ತಿಂಗಳ ಪುಟ. ಒಬ್ಬ ಕೊನೆಗಾರನ ಹೆಸರಿನ ಮುಂದೆ ನಮ್ಮದೇ ಕೈಬರಹದಲ್ಲಿ ‘ಅರ್ಧ ದಿನ’ ಎಂದು ಬರೆದಿದೆ. ಆ ಎರಡು ಶಬ್ದಗಳ ವಿವರವನ್ನು ಸದಸ್ಯರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ಆ ದಿನ ನಡೆದದ್ದು

ಹಿಂಗಾರು ಮಳೆ ಬೆಳಗಿನ ಜಾವ ಒಂದು ಸುತ್ತು ಸುರಿದು ನಿಂತಿತ್ತು. ಮೊದಲ ಕೊಯ್ಲಿನ ಕೊನೆಯ ದಿನ. ಹಿಂದಿನ ಸಂಜೆಯೇ ಹಂಡೆ ಸಿದ್ಧ ಮಾಡಿಸಿದ್ದೆವು. ಸುಲಿಯುವ ಹೆಂಗಸರು ಹದಿನೆಂಟು ಮಂದಿ ಬಂದು ಕೂತಿದ್ದರು. ವ್ಯಾಪಾರಿಗೆ ದಿನ ಕೊಟ್ಟಾಗಿತ್ತು. ಕೊನೆಗಾರ ಶಿಕಾರಿಪುರದ ಕಡೆಯವನು; ಇಪ್ಪತ್ತು ವರ್ಷದ ಕೈ. ಆತ ಮೂರು ಮರ ಹತ್ತಿ ಇಳಿದು ಬಂದು, “ಸಾವ್ಕಾರ್ರ, ಮರ ಹಸಿ ಐತಿ, ಕಾಲು ನಿಲ್ಲವಲ್ದು, ಬಿಸಿಲು ಬರಲಿ” ಎಂದ. ನಾವು ಆಕಾಶ ನೋಡಿದೆವು, ಹಂಡೆ ನೋಡಿದೆವು, ಕೂತವರನ್ನು ನೋಡಿದೆವು. “ಇನ್ನ ಹತ್ತು ಮರ ಅಷ್ಟ ಉಳದಾವು, ಮುಗಿಸಿಬಿಡು ಮಾರಾಯ” ಎಂದೆವು. ಗದರಿಸಲಿಲ್ಲ, ನಗುತ್ತಲೇ ಹೇಳಿದೆವು. ಆತನೂ ನಕ್ಕು ತಳೆಯನ್ನು ಕಾಲಿಗೆ ಏರಿಸಿಕೊಂಡ.

ನಾಲ್ಕನೆಯ ಮರದಲ್ಲಿ, ಸುಮಾರು ಇಪ್ಪತ್ತೈದು ಅಡಿ ಎತ್ತರದಲ್ಲಿ, ಕಾಲು ಜಾರಿತು. ಬಿದ್ದವನನ್ನು ನಾಲ್ವರು ಕೈಕಾಲು ಹಿಡಿದು ಎತ್ತಿ ಜೀಪಿನಲ್ಲಿ ಕೂರಿಸಿಕೊಂಡು ಹೋದೆವು. ಬೆನ್ನುಮೂಳೆಗೆ ಪೆಟ್ಟಾದವನನ್ನು ಹಾಗೆ ಎತ್ತಬಾರದೆಂಬುದು ನಮಗೆ ಆಗ ತಿಳಿದಿರಲಿಲ್ಲ. ಒಂಬತ್ತು ತಿಂಗಳು ಹಾಸಿಗೆ ಹಿಡಿದ. ಬದುಕಿದ್ದಾನೆ. ಕೋಲು ಹಿಡಿದು ನಡೆಯುತ್ತಾನೆ. ಹಂಗಾಮಿನಲ್ಲಿ ಬಂದು ಕೂತು ಅಡಿಕೆ ಆರಿಸುತ್ತಾನೆ. ಮರ ಹತ್ತುವುದು ಅಂದಿಗೇ ಮುಗಿಯಿತು.

ಆಸ್ಪತ್ರೆಯ ಖರ್ಚನ್ನು ನಾವೇ ಕೊಟ್ಟೆವು. ಕೊಟ್ಟೆವೆಂದು ಊರಲ್ಲಿ ಹೊಗಳಿದವರೂ ಉಂಟು. ಆದರೆ ಅಂದು ಸಂಜೆ ಮನೆಗೆ ಬಂದು ಕೂಲಿ ಪುಸ್ತಕ ತೆರೆದ ನಮ್ಮ ಕೈ, ರೂಢಿಯ ಬಲದಿಂದ, ಮಧ್ಯಾಹ್ನಕ್ಕೆ ಮೊದಲೇ ಕೆಲಸ ನಿಂತವನಿಗೆ ‘ಅರ್ಧ ದಿನ’ ಎಂದು ಬರೆಯಿತು. ಬರೆಯುವಾಗ ಏನೂ ಅನ್ನಿಸಲಿಲ್ಲ. ನಮ್ಮನ್ನು ಇಂದು ಕಾಡುವುದು ಅದೇ.

ಹೊಣೆ ಯಾರದು?

ಆಸ್ಪತ್ರೆಯಲ್ಲಿ ಆತ ಹೇಳಿದ ಮಾತು: “ನಂದ ತಪ್ಪು ರೀ, ಹಣೆಬರ.” ಕೇಳಿದಾಗ ಮನಸ್ಸು ಹಗುರಾಯಿತೆಂಬುದನ್ನು ಮುಚ್ಚಿಡುವುದಿಲ್ಲ. ಮರುದಿನ ಕೂತು ಲೆಕ್ಕ ಹಾಕಿದಾಗ ಆ ಹಗುರ ಉಳಿಯಲಿಲ್ಲ. ಹಂಡೆ ಸಿದ್ಧ ಮಾಡಿಸಿದ್ದು ನಾವು. ವ್ಯಾಪಾರಿಗೆ ದಿನ ಕೊಟ್ಟದ್ದು ನಾವು. ಮಳೆ ಬಿದ್ದ ಮೇಲೂ ಕೆಲಸ ಮುಂದೂಡದಿದ್ದದ್ದು ನಾವು. ಸೊಂಟಕ್ಕೊಂದು ರಕ್ಷಣೆಯ ಹಗ್ಗ ಕೊಡದಿದ್ದದ್ದು ನಾವು. ಕೊನೆಗೆ ‘ಮುಗಿಸಿಬಿಡು’ ಎಂದದ್ದೂ ನಾವು. ಐದು ತೀರ್ಮಾನ ನಮ್ಮವು. ಆತನ ಪಾಲಿಗೆ ಉಳಿದಿದ್ದ ತೀರ್ಮಾನ ಒಂದೇ: ಹತ್ತುವುದು, ಇಲ್ಲವೇ ಅರ್ಧ ದಿನದ ಕೂಲಿಯನ್ನೂ ಮುಂದಿನ ವರ್ಷದ ಕರೆಯನ್ನೂ ಕಳೆದುಕೊಳ್ಳುವುದು. ಎಚ್ಚರಿಕೆಯ ಮಾತನ್ನೂ ಆತನೇ ಮೊದಲು ಆಡಿದ್ದ. ಕೇಳಬೇಕಾದ ಕಿವಿ ನಮ್ಮದಾಗಿತ್ತು.

‘ಎಚ್ಚರಿಕೆಯಿಂದ ಕೆಲಸ ಮಾಡಿ’ ಎಂದು ಆಳುಗಳಿಗೆ ಹೇಳದ ಯಜಮಾನನಿಲ್ಲ. ಆದರೆ ಇಳಿದು ಬಂದವನ ಕೂಲಿಯನ್ನು ಕತ್ತರಿಸುವ ತೋಟದಲ್ಲಿ ಆ ಮಾತಿಗೆ ಬೆಲೆಯಿಲ್ಲ. ಬಾಯಿ ‘ಜೋಪಾನ’ ಎನ್ನುತ್ತದೆ, ಪುಸ್ತಕ ‘ಹತ್ತು’ ಎನ್ನುತ್ತದೆ. ಆಳು ನಂಬುವುದು ಪುಸ್ತಕವನ್ನು.

ಎತ್ತರದ ಲೆಕ್ಕವನ್ನು ಕಾಲೇಜಿನಲ್ಲಿ ಓದಿದ ಯಾರೂ ಹಾಕಬಹುದು. ಐವತ್ತು ಅಡಿಯಿಂದ ಜಾರಿದವನು ಎರಡು ಸೆಕೆಂಡು ತುಂಬುವುದರೊಳಗೆ, ಗಂಟೆಗೆ ಸುಮಾರು 60 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟುತ್ತಾನೆ. ಅಷ್ಟು ಹೊತ್ತಿನಲ್ಲಿ ಅನುಭವವಾಗಲಿ ಧೈರ್ಯವಾಗಲಿ ಕೆಲಸಕ್ಕೆ ಬರುವುದಿಲ್ಲ. ಬೀಳುವುದಕ್ಕೆ ಮೊದಲು ಮಾಡಿದ್ದಷ್ಟೇ ಉಪಯೋಗ.

ನಮ್ಮ ಬೆಳೆಯ ಚರಿತ್ರೆಯಲ್ಲೂ ಇದೇ ಮರೆವು ಇದೆ. ನೂರು ವರ್ಷಕ್ಕೂ ಹಿಂದೆ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೊ ದ್ರಾವಣದ ದಾರಿ ತೋರಿಸಿದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಈ ಪ್ರಮಾಣ ಇಂದು ಬೆಳೆಗಾರನ ಮಕ್ಕಳಿಗೂ ಬಾಯಿಪಾಠ. ಮಳೆಗೆ ಮೊದಲೊಮ್ಮೆ, ಮಳೆಗಾಲದ ನಡುವೆ ಮತ್ತೊಮ್ಮೆ ಹೊಡೆಯಬೇಕೆಂಬುದೂ ಗೊತ್ತು. ಆ ಎರಡನೆಯ ಸಲ ಹಸಿ ಮರ ಹತ್ತುವವನಿಗೆ ಏನು ಪ್ರಮಾಣ, ಏನು ಕ್ರಮ ಎಂಬುದು ಮಾತ್ರ ನಮ್ಮಲ್ಲಿ ಯಾರಿಗೂ ಬಾಯಿಪಾಠವಿಲ್ಲ.

ಖೇಣಿ ಕೊಟ್ಟರೆ ಹೊಣೆ ಹೋಯಿತೇ?

ಅನೇಕ ಸದಸ್ಯರು ಫಸಲನ್ನು ಖೇಣಿಗೆ ಕೊಡುತ್ತಾರೆ. ಖೇಣಿದಾರ ತನ್ನ ಕೊನೆಗಾರರನ್ನು ತರುತ್ತಾನೆ. ‘ಮರ ನಮ್ಮದು, ಆಳು ಅವನದು’ ಎಂದು ನಾವು ಕಟ್ಟೆಯ ಮೇಲೆ ಕೂರುತ್ತೇವೆ. ಖೇಣಿದಾರ ‘ಅವರು ಗುತ್ತಿಗೆ ಗುಂಪಿನವರು’ ಎನ್ನುತ್ತಾನೆ. ಗುಂಪಿನ ಮುಖಂಡ ‘ಅವನು ತಾನಾಗಿ ಬಂದವನು’ ಎನ್ನುತ್ತಾನೆ. ಹೀಗೆ ಕೈಯಿಂದ ಕೈಗೆ ದಾಟಿದ ಹೊಣೆ ಕಡೆಗೆ ಮರದ ತುದಿಯಲ್ಲಿರುವ ಮನುಷ್ಯನ ಹೆಗಲ ಮೇಲೆ ಕೂರುತ್ತದೆ. ಅವನ ಕೈಗಳೋ ಮರಕ್ಕೆ ಅಂಟಿಕೊಂಡಿರುತ್ತವೆ.

ಕಾನೂನು ನೋಡಿಕೊಳ್ಳುತ್ತದೆ ಎನ್ನೋಣವೇ? 1951ರ ಪ್ಲಾಂಟೇಷನ್ ಕಾರ್ಮಿಕ ಕಾಯಿದೆ ಅನ್ವಯಿಸುತ್ತಿದ್ದದ್ದು ಐದು ಹೆಕ್ಟೇರ್ ಮತ್ತು ಅದಕ್ಕೆ ಮೇಲ್ಪಟ್ಟು, ಹದಿನೈದು ಮತ್ತು ಅದಕ್ಕೆ ಹೆಚ್ಚು ಕಾರ್ಮಿಕರಿರುವ ತೋಟಗಳಿಗೆ. ಎರಡು ಎಕರೆಯ ನಮ್ಮಂಥವರು ಅದರ ಹೊರಗೇ ಉಳಿದೆವು. ಕೋಲಾರದ ಚಿನ್ನದ ಗಣಿಗಳನ್ನು ನೆನೆಯಿರಿ. ಮೂರು ಕಿಲೋಮೀಟರ್‌ಗೂ ಮಿಕ್ಕಿದ ಆಳ. 2001ರಲ್ಲಿ ಮುಚ್ಚುವವರೆಗೂ ಅಲ್ಲಿ ಅಪಾಯ ಇದ್ದೇ ಇತ್ತು. ಆದರೆ ಗಣಿ ಕೆಲಸಕ್ಕೆ ಒಂದು ಕಟ್ಟಳೆ ಉಂಟು: ಕೆಲಸದ ಜಾಗವನ್ನು ಮೇಲ್ವಿಚಾರಕ ಮೊದಲು ಕಣ್ಣಾರೆ ನೋಡಬೇಕು, ಆಮೇಲೆ ಆಳು ಒಳಗೆ ಹೋಗಬೇಕು. ಸಣ್ಣ ತೋಟದಲ್ಲಿ ಮ್ಯಾನೇಜರೂ ನಾವೇ, ಮೇಲ್ವಿಚಾರಕರೂ ನಾವೇ, ಇನ್‌ಸ್ಪೆಕ್ಟರೂ ನಾವೇ. ನಾವು ನೋಡದಿದ್ದರೆ ನೋಡುವವರು ಬೇರೆ ಯಾರೂ ಇಲ್ಲ.

ಕಾಗದದ ಮೇಲಿನ ಎಚ್ಚರಿಕೆ

ಕಾಗದದ ಮೇಲೆ ಎಚ್ಚರಿಕೆ ಬರೆದುಬಿಟ್ಟರೆ ಸಾಲದೆಂಬುದಕ್ಕೆ ಅಡಿಕೆ ಸೀಮೆಯದೇ ಒಂದು ದೊಡ್ಡ ಉದಾಹರಣೆ ಇದೆ. ಕಾಸರಗೋಡು ಜಿಲ್ಲೆಯ ಗೇರು ತೋಟಗಳ ಮೇಲೆ, ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ, ಅಲ್ಲಿನ ಸರ್ಕಾರಿ ಪ್ಲಾಂಟೇಷನ್ ನಿಗಮ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ನೀರಿನ ಮೂಲಗಳನ್ನು ಮುಚ್ಚಿಕೊಳ್ಳಿ ಎಂಬ ಸೂಚನೆ ಜನರಿಗಿತ್ತು. ಆದರೆ ಎಣ್ಮಕಜೆ, ಪಡ್ರೆಯ ಕಡೆ ಜನ ಕುಡಿಯುವುದು ಗುಡ್ಡ ಕೊರೆದ ಸುರಂಗದ ನೀರು, ಹರಿಯುವ ತೋಡಿನ ನೀರು. ಹರಿಯುವ ತೋಡನ್ನು ಯಾವ ಬಟ್ಟೆಯಿಂದ ಮುಚ್ಚುವುದು? ಪಾಲಿಸಲು ಸಾಧ್ಯವೇ ಇಲ್ಲದ ಸೂಚನೆ ಕೊಟ್ಟವನನ್ನು ಕಾಯುತ್ತದೆಯೇ ಹೊರತು ಪಡೆದವನನ್ನಲ್ಲ.

ಆ ಊರಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮ ಬಳಿಗೆ ಬರುವ ರೋಗಿಗಳಲ್ಲಿ ಏನೋ ತಪ್ಪಿದೆಯೆಂದು ಗುರುತಿಸಿ ಹೇಳತೊಡಗಿದರು. ‘ಅಡಿಕೆ ಪತ್ರಿಕೆ’ಯ ಮೂಲಕ ನಮಗೆಲ್ಲ ಪರಿಚಿತರಾದ ಶ್ರೀ ಪಡ್ರೆಯವರು ಬರೆದರು. ಸರ್ವೋಚ್ಚ ನ್ಯಾಯಾಲಯ 2011ರ ಮೇ 13ರಂದು ಆ ಔಷಧಿಯನ್ನು ದೇಶದಾದ್ಯಂತ ತಡೆಯಿತು. 2017ರ ಜನವರಿಯಲ್ಲಿ ಬಾಧಿತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಸಿಂಪಡಣೆ ನಿಂತ ಹದಿನಾರು ವರ್ಷದ ಮೇಲಿನ ಮಾತು ಇದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ನಿಗಮವನ್ನು ದೂರುವ ಮೊದಲು ನಮ್ಮ ನಮ್ಮ ಕೊಟ್ಟಿಗೆಯ ಅಟ್ಟ ನೋಡಿಕೊಳ್ಳುವುದು ಒಳ್ಳೆಯದು. ಬೇರುಹುಳಕ್ಕೆಂದು ಬಹಳ ತೋಟಗಳಲ್ಲಿ ಹಾಕುತ್ತಿದ್ದ ಫೋರೇಟ್ ಹರಳಿನ ಬಳಕೆ 2020ರ ಡಿಸೆಂಬರ್ 31ರಿಂದ ನಿಷಿದ್ಧ. ಹಳೆಯ ಪೊಟ್ಟಣ ಇನ್ನೂ ಇದ್ದರೆ ಬಳಸಬೇಡಿ, ಹೊಳೆಗೂ ಹಾಕಬೇಡಿ, ಮಣ್ಣಲ್ಲಿ ಹೂಳಲೂ ಬೇಡಿ; ಕೃಷಿ ಇಲಾಖೆಯವರನ್ನು ಕೇಳಿ. ಡಬ್ಬಿಯ ಮೇಲಿನ ತ್ರಿಕೋನದ ಬಣ್ಣ ನೋಡುವ ಅಭ್ಯಾಸ ಮಾಡಿಕೊಳ್ಳಿ: ಕೆಂಪು ಅತಿ ಘೋರ ವಿಷ, ಹಳದಿ ಅದರ ನಂತರದ್ದು, ನೀಲಿ ಮಧ್ಯಮ, ಹಸಿರು ಅಲ್ಪ. ಹಸಿರೂ ಪಾನಕವಲ್ಲ. ಓದು ಬಾರದ ಆಳಿಗೆ ಈ ಬಣ್ಣ ತಿಳಿಸುವುದು ಔಷಧಿ ತಂದವನ ಕೆಲಸ. ಕೈಚೀಲ, ಮುಖವಸ್ತ್ರ, ಕೆಲಸದ ಮೇಲೆ ಸೋಪು ನೀರು ಒದಗಿಸುವುದೂ ಅವನದೇ.

ದೋಟಿ ಮತ್ತು ತಂತಿ

ಕೊನೆಗಾರರ ಅಭಾವದಿಂದ ಈಗ ನೆಲದಲ್ಲೇ ನಿಂತು ಕೊನೆ ಇಳಿಸುವ ಉದ್ದನೆಯ ದೋಟಿಗಳು ಬಂದಿವೆ. ಬಂಟ್ವಾಳ ತಾಲ್ಲೂಕಿನ ಸಜೀಪಮೂಡದ ಕೃಷಿಕ ಗಣಪತಿ ಭಟ್ಟರು ಮಾಡಿದ ಮರ ಏರುವ ಬೈಕು 2019ರಲ್ಲಿ ದೇಶದ ಗಮನ ಸೆಳೆಯಿತು. ಇವೆಲ್ಲ ಸ್ವಾಗತಾರ್ಹ. ಆದರೆ ಬೀಳುವ ಅಪಾಯ ತಪ್ಪಿಸಿದ ದೋಟಿ ಇನ್ನೊಂದು ಅಪಾಯವನ್ನು ಕೈಗೆ ಕೊಟ್ಟಿದೆ. ಅಲ್ಯೂಮಿನಿಯಂ ದೋಟಿ ವಿದ್ಯುತ್ ತಂತಿಗೆ ತಾಗಿ ಜೀವ ಹೋದ ಸುದ್ದಿ ಅಡಿಕೆ ಸೀಮೆಗೆ ಹೊಸದಲ್ಲ. ಘಟ್ಟದ ಮೇಲಿನ ನಮ್ಮ ಕಾಫಿ ಸದಸ್ಯರಿಗೆ ಅಲ್ಯೂಮಿನಿಯಂ ಏಣಿಯ ಕಥೆ ಗೊತ್ತು: ಮೆಣಸು ಕೊಯ್ದು, ಏಣಿಯನ್ನು ನೆಟ್ಟಗೇ ಹೊತ್ತು ಮುಂದಿನ ಮರಕ್ಕೆ ಹೋಗುವಾಗ ಮೇಲಿನ ತಂತಿ ಕಾಣುವುದಿಲ್ಲ.

ಕಾರ್ಬನ್ ಫೈಬರ್ ದೋಟಿ ಲೋಹವಲ್ಲ, ಆದ್ದರಿಂದ ವಿದ್ಯುತ್ ಹರಿಯದು ಎಂಬ ತಪ್ಪು ತಿಳಿವಳಿಕೆ ಬಹಳ ಮಂದಿಯಲ್ಲಿದೆ. ಇಂಗಾಲದ ಎಳೆ ವಿದ್ಯುತ್ತನ್ನು ಹರಿಯಗೊಡುತ್ತದೆ. ಹಗುರ ಎಂಬುದು ನಿಜ. ತಂತಿಯ ಹತ್ತಿರ ಸುರಕ್ಷಿತ ಎಂಬುದು ಸುಳ್ಳು. ಇನ್ನೊಂದು ಅಂಕಿಯನ್ನೂ ಗಮನಿಸಿ. 1956ರ ವಿದ್ಯುತ್ ನಿಯಮಗಳ ಪ್ರಕಾರ ರಸ್ತೆ ಬಿಟ್ಟು ಉಳಿದೆಡೆ 11 ಕಿಲೋವೋಲ್ಟ್‌ವರೆಗಿನ ಬೋಳು ತಂತಿ ನೆಲದಿಂದ 4.6 ಮೀಟರ್, ಅಂದರೆ ಹದಿನೈದು ಅಡಿ, ಎತ್ತರದಲ್ಲಿದ್ದರೆ ಸಾಕಿತ್ತು. ಐವತ್ತು ಅಡಿಯ ದೋಟಿ ಹಿಡಿದವನಿಗೆ ಹದಿನೈದು ಅಡಿ ಯಾವ ಲೆಕ್ಕ? ತಂತಿಯಿಂದ ದೋಟಿಯ ಉದ್ದದಷ್ಟು ದೂರದೊಳಗಿನ ಪ್ರತಿಯೊಂದು ಮರಕ್ಕೂ ಕೆಂಪು ಬಣ್ಣದ ಪಟ್ಟಿ ಬಳಿಯುವುದು ನಾವು ಕಂಡ ಸುಲಭ ಉಪಾಯ. ಕೆಂಪು ಪಟ್ಟಿಯ ಮರಕ್ಕೆ ಲೈನ್ ಬಂದ್ ಆಗದೆ ಯಾವ ದೋಟಿಯೂ ಇಲ್ಲ. ಜೋತುಬಿದ್ದ ತಂತಿ ಕಂಡರೆ 1912ಕ್ಕೆ ದೂರು ಕೊಡಿ, ದೂರಿನ ನಂಬರು ಬರೆದಿಟ್ಟುಕೊಳ್ಳಿ. ಬಂದು ಸರಿಮಾಡುವವರೆಗೆ ಆ ಸಾಲಿನ ಅಡಿಕೆ ಮರದಲ್ಲೇ ಹಣ್ಣಾಗಲಿ.

ನಾವು ಪಾಲಿಸುತ್ತಿರುವ ಕ್ರಮ

2017ರ ಹಂಗಾಮಿನಿಂದ ನಮ್ಮ ತೋಟದಲ್ಲಿ ನಾಲ್ಕು ಕಟ್ಟಳೆ ನಡೆಸಿಕೊಂಡು ಬಂದಿದ್ದೇವೆ.

ಒಂದು, ಇಳಿದವನಿಗೆ ಪೂರ್ತಿ ಕೂಲಿ. ‘ಇವತ್ತು ಆಗದು’ ಎಂದು ಕೊನೆಗಾರ ಹೇಳಿದರೆ ಕಾರಣ ಕೇಳಿ ತಿಳಿದುಕೊಳ್ಳುತ್ತೇವೆ, ವಾದಿಸುವುದಿಲ್ಲ. ಅಂದಿನ ಕೂಲಿ ಪೂರ್ತಿ. ಖೇಣಿಗೆ ಕೊಟ್ಟ ವರ್ಷವೂ ಈ ಷರತ್ತನ್ನು ಖೇಣಿ ಚೀಟಿಯಲ್ಲಿ ಬರೆಸುತ್ತೇವೆ.

ಎರಡು, ಬೆಳಗಿನ ಸುತ್ತು. ಆಳು ತೋಟಕ್ಕೆ ಇಳಿಯುವ ಮೊದಲು ನಾವು ಕೊನೆಗಾರನ ಜೊತೆ ಒಂದು ಸುತ್ತು ಬರುತ್ತೇವೆ. ಮರದ ಹಸಿ, ಒಣಗಿದ ಶಿರ, ಹೆಜ್ಜೇನು, ತಂತಿ, ತಳೆ, ಸೊಂಟದ ಹಗ್ಗ ಎಲ್ಲವನ್ನೂ ಕೈಯಲ್ಲಿ ಮುಟ್ಟಿ ನೋಡುತ್ತೇವೆ. ಹತ್ತು ನಿಮಿಷದ ಕೆಲಸ.

ಮೂರು, ಹಂಡೆಗೆ ಬೆಂಕಿ ಆಮೇಲೆ. ಕೊನೆ ನೆಲಕ್ಕೆ ಬಂದ ಮೇಲೆಯೇ ಒಲೆ ಹಚ್ಚುವುದು, ಸುಲಿಯುವವರಿಗೆ ಹೇಳಿ ಕಳಿಸುವುದು. ನಮ್ಮ ಅವಸರಕ್ಕೆ ಮೂಲ ಆ ಉರಿಯುವ ಒಲೆಯೇ ಆಗಿತ್ತು.

ನಾಲ್ಕು, ತಪ್ಪಿದ ಗಂಡಾಂತರಗಳ ಪುಸ್ತಕ. ಕಾಲು ಜಾರಿ ಹಿಡಿದುಕೊಂಡದ್ದು, ಹಗ್ಗದ ಎಳೆ ಹರಿದದ್ದು, ದೋಟಿ ತಂತಿಯ ಸಮೀಪ ಹೋದದ್ದು, ಯಾರದು ತಪ್ಪೆಂದು ಕೇಳದೆ ಬರೆಯುತ್ತೇವೆ. ಮೊದಲ ವರ್ಷ ಒಬ್ಬನೂ ಬಾಯಿ ಬಿಡಲಿಲ್ಲ. ಬಯ್ಯುವುದಿಲ್ಲವೆಂದು ಖಾತ್ರಿಯಾದ ಮೇಲೆ ಹೇಳತೊಡಗಿದರು. ಹೀಗೆ ತಿಳಿದ ಒಂದು ಸಂಗತಿ: ಕಾಲು ಜಾರುವುದು ಹೆಚ್ಚಾಗಿ ಮಧ್ಯಾಹ್ನದ ಊಟಕ್ಕೆ ಮುಂಚಿನ ಕೊನೆಯ ಗಂಟೆಯಲ್ಲಿ. ಈಗ ಹನ್ನೊಂದಕ್ಕೆ ಬೆಲ್ಲ, ನೀರು, ಕಾಲು ಗಂಟೆ ವಿಶ್ರಾಂತಿ ಕೊಡುತ್ತೇವೆ.

‘ಇಳಿದವನಿಗೆ ಕೂಲಿ ಕೊಟ್ಟರೆ ದಿನವೂ ಇಳಿಯುತ್ತಾರೆ’ ಎಂದು ಸ್ನೇಹಿತರು ನಮ್ಮನ್ನು ಹಾಸ್ಯ ಮಾಡಿದ್ದುಂಟು. ನಮ್ಮ ಪುಸ್ತಕದ ಪ್ರಕಾರ ಒಂದು ಹಂಗಾಮಿಗೆ ಇಂಥ ದಿನ ಎರಡೋ ಮೂರೋ, ಹೆಚ್ಚೆಂದರೆ ನಾಲ್ಕು. ಎಲ್ಲ ಸೇರಿ ಆ ಒಂಬತ್ತು ತಿಂಗಳ ಆಸ್ಪತ್ರೆಯ ಖರ್ಚಿನ ಹತ್ತಿರವೂ ಸುಳಿಯುವುದಿಲ್ಲ. ಕೊನೆಗಾರರು ಸಿಗುವುದಿಲ್ಲವೆಂಬ ದೂರು ಊರೆಲ್ಲ ಇರುವಾಗ ನಮ್ಮ ತೋಟಕ್ಕೆ ಅದೇ ಗುಂಪು ವರ್ಷ ವರ್ಷವೂ ತಪ್ಪದೆ ಬರುತ್ತಿದೆ. ಲಾಭದ ಭಾಷೆಯಲ್ಲೇ ಕೇಳಬೇಕೆನ್ನುವವರಿಗೆ ಇಷ್ಟು ಸಾಕು.

ಅವಘಡ ಆದಾಗ

ಎಷ್ಟು ಎಚ್ಚರ ವಹಿಸಿದರೂ ಒಮ್ಮೊಮ್ಮೆ ಆಗುತ್ತದೆ. ಬಿದ್ದವನನ್ನು ಎಬ್ಬಿಸಿ ಕೂರಿಸಬೇಡಿ, ನೀರು ಕುಡಿಸಬೇಡಿ. 108ಕ್ಕೆ ಹೇಳಿ, ಕುತ್ತಿಗೆ ಬೆನ್ನು ಅಲುಗದಂತೆ ಮಲಗಿದ್ದಲ್ಲೇ ಇರಿಸಿ. ಸಾಗಿಸಲೇಬೇಕಾದರೆ ಅಗಲವಾದ ಹಲಗೆಯ ಮೇಲೆ ಮೂರು ನಾಲ್ಕು ಮಂದಿ ಒಟ್ಟಿಗೆ ಎತ್ತಿ. ವಿದ್ಯುತ್ ತಗುಲಿದವನನ್ನು ಸರಬರಾಜು ನಿಲ್ಲುವ ಮೊದಲು ಮುಟ್ಟಬೇಡಿ. ಕಾಪಾಡಲು ಹೋದವನೂ ಜೊತೆಗೆ ಹೋಗುತ್ತಾನೆ. ವಿಷ ಮೈಮೇಲೆ ಬಿದ್ದರೆ ಬಟ್ಟೆ ತೆಗೆಸಿ ಸೋಪಿನಿಂದ ತೊಳೆಯಿರಿ, ಔಷಧಿಯ ಡಬ್ಬಿಯನ್ನು ವೈದ್ಯರಿಗೆ ತೋರಿಸಿ.

ವಿಮೆಯ ಬಗ್ಗೆ ಒಂದು ಮಾತು. 2015ರಲ್ಲಿ ಬಂದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷದ ಕಂತು ಮೊದಲು 12 ರೂಪಾಯಿ ಇತ್ತು, 2022ರ ಜೂನ್‌ನಿಂದ 20 ರೂಪಾಯಿ. ಹದಿನೆಂಟರಿಂದ ಎಪ್ಪತ್ತು ವಯಸ್ಸಿನ, ಬ್ಯಾಂಕ್ ಖಾತೆ ಇರುವ ಯಾರೂ ಸೇರಬಹುದು. ಅಪಘಾತದಲ್ಲಿ ಮರಣವಾದರೆ ಎರಡು ಲಕ್ಷ. ಎಲೆ ಅಡಿಕೆಯ ಖರ್ಚಿಗೂ ಸಾಲದ ಈ ಕಂತನ್ನು ತೋಟದ ಯಜಮಾನನೇ ಕಟ್ಟಿಸಿದರೆ ತಪ್ಪೇನಿಲ್ಲ. ಆದರೆ ವಿಮೆ ಬಿದ್ದ ಮೇಲಿನ ಮಾತು. ಅದನ್ನು ಮಾಡಿಸಿದ್ದೇವೆಂದು ಸೊಂಟದ ಹಗ್ಗವನ್ನು ಮರೆಯಬಾರದು.

ಮುಂದಿನ ಸರ್ವಸಾಧಾರಣ ಸಭೆಯಲ್ಲಿ ‘ಇಳಿದವನಿಗೆ ಪೂರ್ತಿ ಕೂಲಿ’ ಎಂಬುದನ್ನು ಸಂಘದ ಎಲ್ಲ ಸದಸ್ಯರ ತೋಟಗಳ ರೂಢಿಯಾಗಿ ಒಪ್ಪಿಕೊಳ್ಳುವ ಠರಾವನ್ನು ನಾವು ಮಂಡಿಸಲಿದ್ದೇವೆ. ಒಬ್ಬರು ಮಾಡಿದರೆ ಅದು ಅವರ ಔದಾರ್ಯ. ಎಲ್ಲರೂ ಮಾಡಿದರೆ ಅದು ಊರಿನ ಪದ್ಧತಿ. ಪದ್ಧತಿಯಾದ ಮೇಲೆ ಕೊನೆಗಾರ ‘ಆಗದು’ ಎನ್ನಲು ಯಾರ ಮುಖವನ್ನೂ ನೋಡಬೇಕಾಗಿಲ್ಲ. ಸಭೆಗೆ ಬರುವ ಮುನ್ನ ಸದಸ್ಯರು ತಮ್ಮ ತಮ್ಮ ಹಳೆಯ ಕೂಲಿ ಪುಸ್ತಕಗಳನ್ನು ಒಮ್ಮೆ ತಿರುವಿ ನೋಡಬೇಕೆಂದು ವಿನಂತಿ.

2016ರ ಆ ಸಾಲನ್ನು ತಿದ್ದಿ ಪೂರ್ತಿ ದಿನ ಎಂದು ಬರೆಯೋಣವೇ ಎಂದು ಮಗ ಕೇಳಿದ. ಬಾಕಿ ಅರ್ಧ ದಿನದ ಕೂಲಿಯನ್ನು ಕೊನೆಗಾರನಿಗೆ ಕೊಟ್ಟು ಬಂದೆವು. ಆತ ಎಣಿಸದೆ ಜೇಬಿಗೆ ಹಾಕಿಕೊಂಡ. ಪುಸ್ತಕವನ್ನು ಮಾತ್ರ ತಿದ್ದಲಿಲ್ಲ. ಅದು ಇದ್ದಂತೆಯೇ ಇರಲಿ.